ಯಾವ ಕಡೆಯ ಶನಿವಾರ?

ಬೆಳಗಿನ ಐದೂವರೆ. ಫಗಾಲಿಯಿ ವಿಮಾನ ನಿಲ್ದಾಣದ ಬಾಗಿಲು ತೆರೆದ ಕೂಡಲೇ ಮಾತಲೇನಾ ತೂಕದ ಯಂತ್ರವನ್ನು ಒರೆಸುತ್ತಾರೆ, ಕಿವಿಗೆ ಸಿಕ್ಕಿಸಿದ ದಾಸವಾಳ ಸರಿಮಾಡಿಕೊಳ್ಳುತ್ತಾರೆ. ಹತ್ತೊಂಬತ್ತು ಸೀಟಿನ ವಿಮಾನ. ಇಲ್ಲಿ ಚೀಲದ ಜೊತೆ ಮನುಷ್ಯರನ್ನೂ ತೂಗಬೇಕು. ಇವತ್ತು ಮೊದಲು ಹತ್ತಿದವರು ಬಡಗಿ ಲೆಮಾನಾ.

“ಮುಳ್ಳು ನೋಡ್ಬೇಡ ತಂಗಿ, ಕಣ್ಣು ಮುಚ್ಕೋ.”

“ನಾನು ಮುಚ್ಕೋತೀನಣ್ಣ, ಪೈಲಟ್ ಮುಚ್ಕೋಬೇಕಲ್ಲ. ಮಗಳ ಮದುವೆ ಯಾವತ್ತು?”

“ಶನಿವಾರ. ಪಾಗೊದಲ್ಲಿ ನೆಂಟರನ್ನ ಕರೆದು ಬರ್ತೀನಿ. ಶನಿವಾರ ಬೆಳಗ್ಗೆ ಆರಕ್ಕೆ ಅಲ್ಲಿ ಹತ್ತಿದ್ರೆ ಏಳರೊಳಗೆ ಇಲ್ಲಿ.”

“ಯಾವ ಕಡೆಯ ಶನಿವಾರ?”

ಲೆಮಾನಾ ಬೆರಳು ಮಡಚಿ ದಿನ ಎಣಿಸುತ್ತಾರೆ.

“ಅಲ್ಲಿ ಶನಿವಾರ ಹತ್ತಿದ್ರೆ ಇಲ್ಲಿ ಭಾನುವಾರ ಇಳೀತೀಯ. ಅಷ್ಟೊತ್ತಿಗೆ ಮದುವೆ ಹಂದಿಯ ಮೂಳೆ ನಾಯಿ ಕಡೀತಿರುತ್ತೆ.”

ವಾಪಸ್ ಟಿಕೆಟ್ ಅಲ್ಲಿನ ಶುಕ್ರವಾರಕ್ಕೆ, ಅಂದರೆ ಇಲ್ಲಿನ ಶನಿವಾರಕ್ಕೆ ಬದಲಾಗುತ್ತದೆ.

ರಾಜಧಾನಿ ಅಪಿಯಾದ ಅಂಚಿನ ಈ ನಿಲ್ದಾಣದಿಂದ ಅಮೆರಿಕನ್ ಸಮೋವಾದ ಪಾಗೊ ಪಾಗೊಗೆ ಸುಮಾರು ನೂರಿಪ್ಪತ್ತೈದು ಕಿಲೋಮೀಟರ್, ಮೂವತ್ತೈದು ನಿಮಿಷ. ಗಡಿಯಾರ ಎರಡೂ ಕಡೆ ಒಂದೇ, ವಾರ ಬೇರೆ. 2011ರ ಕೊನೆಗೆ ನಮ್ಮ ದೇಶ ಸಮೋವಾ ಒಂದು ಶುಕ್ರವಾರವನ್ನೇ ಬಿಟ್ಟು ಕ್ಯಾಲೆಂಡರಿನಲ್ಲಿ ಮುಂದೆ ಹೋಯಿತು. ಪಾಗೊ ನಿನ್ನೆಯಲ್ಲೇ ಉಳಿಯಿತು. ದಿನಕ್ಕೆ ಮೂರು ವಿಮಾನ, ಐವತ್ತು ಚಿಲ್ಲರೆ ಜನ. ಮಾತಲೇನಾ ಆ ಪ್ರಶ್ನೆಯನ್ನು ಅಷ್ಟೂ ಜನರಿಗೆ ಕೇಳುತ್ತಾರೆ. ಕೇಳಬೇಕೆಂದು ಯಾರೂ ಅವರಿಗೆ ಹೇಳಿಲ್ಲ.

ಈ ಕೌಂಟರಿನಲ್ಲಿ ಅವರದು ಮೂವತ್ತನಾಲ್ಕನೇ ವರ್ಷ. ತಂಗಿ ಪೆಲೆ ಮದುವೆಯಾಗಿ ಪಾಗೊ ಸೇರಿದವಳು, ಮೀನಿನ ಕಾರ್ಖಾನೆಯಲ್ಲಿ ಕೆಲಸ. “ಆಗ ಇಬ್ಬರಿಗೂ ಒಂದೇ ಭಾನುವಾರ. ನಾನು ಕೆಸುವಿನೆಲೆ, ತೆಂಗಿನ ಹಾಲಿನ ಪಲುಸಾಮಿ ಮಾಡಿ ಬಾಳೆಲೆಯಲ್ಲಿ ಸುತ್ತಿ ಬೆಳಗಿನ ವಿಮಾನಕ್ಕೆ ಕೊಡ್ತಿದ್ದೆ. ಚರ್ಚ್ ಮುಗಿಸಿ ಅವಳು ಅಲ್ಲಿ, ನಾನು ಇಲ್ಲಿ, ಒಂದೇ ಹೊತ್ತಿಗೆ ತಿನ್ನೋದು. ಉಪ್ಪು ಕಮ್ಮಿ ಅಂತ ಫೋನ್ ಮಾಡ್ತಿದ್ಲು, ಪ್ರತಿ ವಾರ.” ನೆನೆದು ನಗುತ್ತಾರೆ.

ದಿನ ಬದಲಾಗಿ ಐದು ತಿಂಗಳಿಗೆ ತಾಯಿ ತೀರಿಕೊಂಡರು. ಶನಿವಾರ ಮಧ್ಯಾಹ್ನ ಮಣ್ಣು. ಅಕ್ಕ ಪೆಲೆಗೆ ಫೋನಿನಲ್ಲಿ ಹೇಳಿದ್ದು ಇಷ್ಟೇ: “ಮೂವತ್ತೈದು ನಿಮಿಷದ ದಾರಿ, ಶನಿವಾರ ಬೆಳಗ್ಗೆ ಹೊರಡು.” ವರ್ಷಗಟ್ಟಲೆ ಜನರಿಗೆ ಹೇಳಿ ಹೇಳಿ ಬಾಯಿಗೆ ಕೂತಿದ್ದ ಮಾತು. ಪೆಲೆ ಹಾಗೇ ಹೊರಟಳು. ಇಳಿದಾಗ ಇಲ್ಲಿ ಭಾನುವಾರ. ಗೋರಿಯ ಮೇಲಿನ ಹೂ ಬಾಡಿತ್ತು.

“ಊರಿಗೆಲ್ಲ ಟಿಕೆಟ್ ಬರೆಯೋಳು ನಾನು. ನನ್ನ ತಂಗಿಗೆ ನಾನೇ ಅಮ್ಮನ ಮುಖ ತಪ್ಪಿಸಿಬಿಟ್ಟೆ. ಅವಳು ಬೈಲಿಲ್ಲ. ಬೈದಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು.” ಉಪ್ಪಿನ ಫೋನ್ ನಿಂತಿತು. ಅಂದಿನಿಂದ ಮಾತಲೇನಾ ಪಾಗೊಗೆ ಹೋಗಿಲ್ಲ. ದಿನವೂ ವಿಮಾನ ಕಣ್ಣೆದುರೇ ಏರಿದರೂ ಹೋಗುವ ಮುಖವಿರಲಿಲ್ಲ.

ಈ ತಿಂಗಳ ಕೊನೆಗೆ ಅವರಿಗೆ ನಿವೃತ್ತಿ. ಮರುದಿನ ಸೋಮವಾರ, ಆರರ ವಿಮಾನಕ್ಕೆ ತಮ್ಮದೇ ಹೆಸರಿನ ಟಿಕೆಟ್ ಬರೆದುಕೊಂಡಿದ್ದಾರೆ. ಇಳಿದಾಗ ಅಲ್ಲಿ ಭಾನುವಾರದ ಬೆಳಗು. ಕಳೆದ ವಾರ ಧೈರ್ಯಮಾಡಿ ತಂಗಿಗೆ ಫೋನ್ ಮಾಡಿದರಂತೆ.

“‘ಅಮ್ಮನಿಗೆ ನಾನು ಒಂದಿನ ತಡವಾದೆ. ನೀನು ಒಂದಿನ ಮೊದಲೇ ಬಾ ಅಕ್ಕಾ. ಉಪ್ಪು ನೋಡಿ ಹಾಕು’ ಅಂದ್ಲು.”

ಮಾತಲೇನಾ ಮುಂದಿನ ಚೀಲವನ್ನು ಯಂತ್ರದ ಮೇಲಿಡುತ್ತಾರೆ. “ಪಲುಸಾಮಿ ಒಯ್ತೀನಿ. ಮೂವತ್ತೈದು ನಿಮಿಷ ತಾನೇ, ಬಿಸಿ ಆರಲ್ಲ.”