ಕೈ ಎತ್ತದೆ ಆಡಿದ ವರ್ಷಗಳು

ಮೊದಲು ಊದಿಕೊಂಡದ್ದು ಕಾಲು. ಸಂಜೆ ಶಾಲೆಯಿಂದ ಬಂದು ಬೂಟು ಬಿಚ್ಚಿದರೆ ಸಾಕ್ಸಿನ ಎಲಾಸ್ಟಿಕ್ ಕೂತ ಕಡೆ ಸುತ್ತಲೂ ಗುಳಿ. ಬೆರಳಿನಿಂದ ಒತ್ತಿದರೆ ಒತ್ತಿದ ಗುರುತು ಹಾಗೇ ಉಳಿಯುತ್ತಿತ್ತು. ನನಗೆ ಆಗ ಮೂವತ್ತೇಳು. ರಾಯಬಾಗದ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರ್. ಅದಕ್ಕೂ ಮುಂಚೆ ಹತ್ತು ವರ್ಷ ಕಬಡ್ಡಿ ಆಡಿದವಳು, ಅದರಲ್ಲಿ ಆರು ವರ್ಷ ಕ್ಯಾಪ್ಟನ್. ಮಹಾರಾಷ್ಟ್ರ ಗಡಿಯ ಆಚೆ ಈಚೆ ಎಲ್ಲೇ ಟೂರ್ನಮೆಂಟ್ ಇದ್ದರೂ ನಮ್ಮ ತಂಡವನ್ನು ದುಡ್ಡು ಕೊಟ್ಟು ಕರೆಸುತ್ತಿದ್ದರು. ಆಟವೇ ನಮ್ಮ ಹೊಟ್ಟೆಪಾಡಾಗಿತ್ತು. ಇದೂ ಹಳೇ ಮೊಣಕಾಲಿನದೇ ಕಾರಭಾರ ಅಂದುಕೊಂಡು ಎಣ್ಣೆ ತಿಕ್ಕಿ ಮಲಗುತ್ತಿದ್ದೆ.

ಆಮೇಲೆ ಮುಖ. ಬೆಳಿಗ್ಗೆ ಕಣ್ಣು ತೆರೆಯಲಾಗದಷ್ಟು ಬಾತಿರುತ್ತಿತ್ತು.

"ರಾತ್ರಿ ಅತ್ತೀಯೇನ?" ಎಂದು ನಮ್ಮ ಮನೆಯವರು ಚೇಷ್ಟೆ ಮಾಡಿದರು. ನಾನು ಅಳುವವಳಲ್ಲ ಅಂತ ಅವರಿಗೂ ಗೊತ್ತು.

ಊಟ ಸೇರದಾಯಿತು. ಬಾಯಲ್ಲಿ ಸದಾ ಕಬ್ಬಿಣ ನೆಕ್ಕಿದ ರುಚಿ. ಒಂದೇ ಉಸಿರಿನಲ್ಲಿ ಎದುರಾಳಿಯ ಅಂಗಳ ಸುತ್ತಿ ಬರುತ್ತಿದ್ದ ನನಗೆ ಶಾಲೆಯ ಹನ್ನೆರಡು ಮೆಟ್ಟಿಲು ಹತ್ತುವುದರೊಳಗೆ ಮೇಲುಸಿರು. ಕೊನೆಗೆ ರೈಲು ಹಿಡಿದು ಮಿರಜಿಗೆ ಹೋದೆವು. ರಕ್ತ, ಮೂತ್ರ, ಸ್ಕ್ಯಾನ್. ಡಾಕ್ಟರ್ ವಯಸ್ಸಾದ ಹೆಣ್ಣುಮಗಳು. ರಿಪೋರ್ಟ್ ನೋಡುತ್ತಲೇ ಕೇಳಿದರು:

"ಪೇನ್‌ಕಿಲ್ಲರ್ ಕಿತಿ ವರ್ಷಂ ಘೇತಲ್ಯಾ?"

ನೋವಿನ ಗುಳಿಗೆ ಎಷ್ಟು ವರ್ಷ ತಗೊಂಡೆ ಅಂತ. ಬೆರಳು ಮಡಿಚಿದೆ. ಆಡಿದ ಹತ್ತು ವರ್ಷ. ಬಿಟ್ಟ ಮೇಲೂ ಮೊಣಕಾಲಿಗೆಂದು ಮೆಡಿಕಲ್ ಅಂಗಡಿಯಿಂದ ನಾನೇ ತರಿಸಿಕೊಂಡು ನುಂಗಿದ್ದು ಇನ್ನೊಂದು ಹತ್ತು. ಮ್ಯಾಚ್ ಇದ್ದಾಗ ದಿನಕ್ಕೆ ಮೂರು, ಇಲ್ಲದಾಗ ಒಂದು.

ಅವರು ಪೆನ್ನು ಕೆಳಗಿಟ್ಟರು.

ಎರಡೂ ಕಿಡ್ನಿ ಹೋಗಿದ್ದವು.

ಅಲ್ಲಿಯೇ, ಆ ಕುರ್ಚಿಯಲ್ಲೇ, ನನ್ನ ಕಣ್ಣಮುಂದೆ ಬಂದದ್ದು ಗಂಡನ ಮುಖವಲ್ಲ, ದೇವರಲ್ಲ. ನಮ್ಮ ಕೋಚ್. ನಾವೆಲ್ಲ ಬರೀ "ಸರ್" ಅನ್ನುತ್ತಿದ್ದೆವು. ಅವರ ಬಳಿ ಬಿಸ್ಕಿಟಿನ ಹಳೇ ತಗಡಿನ ಡಬ್ಬಿ ಇತ್ತು. ಅದರಲ್ಲಿ ಎರಡು ನಮೂನೆಯ ಗುಳಿಗೆ. ಬಿಳಿಯದು ಟೂರ್ನಮೆಂಟ್ ಇದ್ದಾಗ ಮುಟ್ಟು ಮುಂದೆ ಹಾಕಲು. ಹಳದಿಯದು ನೋವಿಗೆ. "ಗುಳಿಗಿ ನುಂಗು, ರೇಡ್ ಹಾಕು" ಎಂಬುದೇ ಅವರ ಉಪದೇಶ. ಹದಿನೇಳರ ಹುಡುಗಿಗೆ ನುಂಗುವ ಅಭ್ಯಾಸ ಹಚ್ಚಿದವರು ಅವರು. ನನ್ನ ಕಿಡ್ನಿ ತಿಂದವರೂ ಅವರೇ.

ಎಡಗೈಯಲ್ಲಿ ಫಿಸ್ಟುಲಾ ಮಾಡಿದರು. ಸೂಜಿ ಚುಚ್ಚಲು ಅನುಕೂಲವಾಗಲೆಂದು ರಕ್ತನಾಳ ಎರಡನ್ನು ಜೋಡಿಸುವ ಆಪರೇಶನ್. ಮುಟ್ಟಿದರೆ ಒಳಗೆ ಜುಂಯ್ ಎನ್ನುತ್ತದೆ. ವಾರಕ್ಕೆ ಎರಡು ಸಲ ಬಸ್ಸಿನಲ್ಲಿ ಚಿಕ್ಕೋಡಿ, ನಾಲ್ಕು ತಾಸು ಡಯಾಲಿಸಿಸ್. ದಿನಕ್ಕೆ ಮುಕ್ಕಾಲು ಲೀಟರ್ ನೀರು, ಚಹಾ ಸಾರು ಎಲ್ಲ ಸೇರಿ. ಬಾಳೆಹಣ್ಣು ಬೇಡ, ಎಳನೀರು ಬೇಡ, ಈ ದ್ರಾಕ್ಷಿ ಸೀಮೆಯಲ್ಲಿದ್ದುಕೊಂಡು ದ್ರಾಕ್ಷಿ ಬೇಡ. ಬಾಯಾರಿದಾಗ ನಾನು ಒಂದು ಆಟ ಆಡುತ್ತಿದ್ದೆ. ಸರ್‌ಗೆ ಶಿಕ್ಷೆ ಹಾಕುವ ಆಟ. ಅವರನ್ನು ನನ್ನ ಹಾಸಿಗೆಯಲ್ಲಿ ಮಲಗಿಸುವುದು. ಬೋರ್‌ವೆಲ್ ಪೈಪಿನಂಥ ಆ ಎರಡು ಸೂಜಿ ಅವರ ತೋಳಿಗೆ ಚುಚ್ಚಿಸುವುದು. ಮುಕ್ಕಾಲು ಲೀಟರ್ ನೀರು ಅಳೆದು ಕೊಟ್ಟು ಏಪ್ರಿಲ್ ಬಿಸಿಲಿಗೆ ನಿಲ್ಲಿಸುವುದು. ಇದರಿಂದ ನನಗೆ ನಿಜವಾಗಿ ಹಾಯೆನಿಸುತ್ತಿತ್ತು.

ಅಷ್ಟರಲ್ಲಿ ಹಳೇ ತಂಡದವರೆಲ್ಲರ ಮೊಬೈಲಿಗೆ ಆಮಂತ್ರಣ ಬಂತು. ಸರ್‌ಗೆ ಚಿಕ್ಕೋಡಿಯಲ್ಲಿ ಸತ್ಕಾರ. ಅವತ್ತೇ ಅವರ ಬೇಸಿಗೆ ಕ್ಯಾಂಪ್ ಶುರು. ಕ್ಯಾಂಪಿಗೆ ಆಯ್ಕೆಯಾದವರಲ್ಲಿ ನನ್ನ ಶಾಲೆಯ ಮೂವರು ಹುಡುಗಿಯರಿದ್ದರು. ಕಾಯಿಲೆ ಗೊತ್ತಾಗುವ ಮೊದಲು ಅವರ ಹೆಸರು ಬರೆದು ಕಳಿಸಿದವಳು ನಾನೇ.



ತೀರ್ಮಾನ ಮಾಡಿದೆ. ನನ್ನ ಜೊತೆ ಆಡಿದವರನ್ನು ಒಬ್ಬೊಬ್ಬರಾಗಿ ಮಾತಾಡಿಸಬೇಕು, ಮೊಬೈಲಿನಲ್ಲಿ ರೆಕಾರ್ಡ್ ಮಾಡಬೇಕು, ಸತ್ಕಾರದ ವೇದಿಕೆ ಮೇಲೇ, ಶಾಲು ಹೊದ್ದು ಕೂತಾಗ, ಅವರ ಮಾನ ಕಳೆಯಬೇಕು.

"ಮೊದಲ ನಿನ್ನ ಜೀವಾ ನೋಡ್ಕೊ" ಅಂದರು ಮನೆಯವರು.

"ಅದನ್ನ ನೋಡ್ಕೋಳಾಕ ಮಷಿನ್ ಐತಿ" ಅಂದೆ.

ಮೊದಲು ಕರೋಶಿಗೆ ಹೋದೆ, ಶೋಭಾಳ ಮನೆಗೆ. ನಮ್ಮ ತಂಡದ ಗಟ್ಟಿಗಿತ್ತಿ ಡಿಫೆಂಡರ್. ಅವಳು ತೊಡೆ ಹಿಡಿದರೆ ಯಾರೂ ಬಿಡಿಸಿಕೊಂಡದ್ದಿಲ್ಲ. ಈಗ ಎಮ್ಮೆ ಹಿಂಡಲು ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಕೂಡುತ್ತಾಳೆ. ಬಲಗಾಲು ಮಡಚುವುದಿಲ್ಲ.

"ಎಮ್ಮಿಗೂ ಗೊತ್ತಾಗೇತಿ, ನಾ ಎದ್ದು ಓಡಂಗಿಲ್ಲಂತ. ಬೇಕಂತ ಬಕೀಟ್ ಒದಿತೈತಿ" ಎಂದು ನಕ್ಕಳು.

ನಾನು ಬಂದ ಕಾರಣ ಹೇಳಿದೆ. ಅವಳಿಗೆ ಸಿಟ್ಟೇ ಬರಲಿಲ್ಲ. ಅದಕ್ಕೇ ನನಗೆ ಸಿಟ್ಟು ಬಂತು.

"ಅಕ್ಕಾ, ನಾ ದಿನಾ ಎರಡು ತತ್ತಿ ತಿಂದಿದ್ದು ಆ ಕ್ಯಾಂಪಿನ್ಯಾಗಷ್ಟ. ಪುಣೆ ನೋಡಿದ್ದು, ಲಾಡ್ಜಿನ್ಯಾಗ ಮಲಗಿದ್ದು ಸರ್ ಪುಣ್ಯೇದಿಂದ. ಮೊಣಕಾಲು ಹೋತು ಅಂತ ಅದನ್ನೆಲ್ಲಾ ಸುಳ್ಳ ಅನ್ಲೇನ?"

"ಹಂಗಾರ ಹೇಳಾಂಗಿಲ್ಲ?"

"ಗುಳಿಗಿ ನುಂಗಿಸಿದ್ದು ಖರೇ ಐತಿ. ಖರೇದ್ದು ಹೇಳ್ತೀನಿ. ರೆಕಾರ್ಡ್ ಹಚ್ಚು." ಹೇಳಿದಳು. ಬಿಳಿಯದು, ಹಳದಿಯದು, ಊದಿದ ಮೊಣಕಾಲಿಗೆ ಪಟ್ಟಿ ಬಿಗಿದು ಸೆಮಿಫೈನಲ್ ಆಡಿಸಿದ್ದು. ಎಲ್ಲ ಮುಗಿದ ಮೇಲೆ ಕೇಳಿದಳು: "ಶೇಡಬಾಳದ ಪದ್ಮಾನ ಕೇಳೀಯೇನ?"

ಪದ್ಮಾ. ಹದಿಮೂರು ವರ್ಷದಿಂದ ಆ ಹೆಸರು ನಾನು ಬಾಯಲ್ಲಿ ತಂದಿರಲಿಲ್ಲ. ಅಂಗಳದ ಎಡ ಮೂಲೆ ಕಾಯುತ್ತಿದ್ದ ನಮ್ಮ ಕಾರ್ನರ್. ಹತ್ತೊಂಬತ್ತರ ಜೈನರ ಹುಡುಗಿ. ಅವಳದೊಂದು ಹುಚ್ಚಿತ್ತು. ಕಬಡ್ಡಿಯಲ್ಲಿ ಟಚ್ ಆದವರು ತಾವೇ ಕೈ ಎತ್ತಿ ಹೊರಗೆ ಹೋಗಬೇಕೆಂಬುದು ನಿಯಮ. ಅಂಪೈರನ್ನು ನಮ್ಮ ಕಡೆ ಪಂಚ ಅನ್ನುತ್ತೇವೆ. "ಪಂಚ ನೋಡೂತನಕ ಟಚ್ ಆಗಿಲ್ಲ, ಯಾರೂ ಕೈ ಎತ್ತಬ್ಯಾಡ್ರಿ" ಎಂದು ಸರ್ ಕಲಿಸಿದ್ದರು. ನಾವೆಲ್ಲ ಹಾಗೇ ಆಡಿದೆವು. ಪದ್ಮಾ ಮಾತ್ರ ಉಗುರು ತಾಗಿದರೂ ಕೈ ಎತ್ತಿ ನಡೆದುಬಿಡುತ್ತಿದ್ದಳು. ನಾನು ಹಲ್ಲು ಕಡಿಯುತ್ತಿದ್ದೆ. ಅದೂ ಸಾಲದೆಂದು ದೊಡ್ಡ ಫೈನಲ್‌ಗೆ ಕೈಕೊಟ್ಟು ಮನೆ ಸೇರಿದಳು. ನಾವು ಎರಡು ಪಾಯಿಂಟಿಗೆ ಸೋತೆವು.

ಆದರೆ ಸಾಕ್ಷಿ ಬೇಕಿತ್ತು. ನಮ್ಮ ತಂಡದಲ್ಲಿದ್ದು ಈಗ ಪೊಲೀಸ್ ಆಗಿರುವ ಮೀನಾಕ್ಷಿಗೆ ಫೋನ್ ಮಾಡಿದರೆ, "ಈ ನೌಕರಿ ಸರ್ ಕೊಟ್ಟ ಸರ್ಟಿಫಿಕೇಟಿನಿಂದ ಬಂದೈತಿ, ನನ್ನ ಹೆಸರು ಎತ್ತಬ್ಯಾಡ" ಎಂದು ಇಟ್ಟುಬಿಟ್ಟಳು. ಅವಳನ್ನೂ ನನ್ನ ಶಿಕ್ಷೆಯ ಪಟ್ಟಿಗೆ ಸೇರಿಸಿಕೊಂಡು ಶೇಡಬಾಳದ ರೈಲು ಹತ್ತಿದೆ.

ಪದ್ಮಾಳ ಮನೆ ಮುಂದೆ ದ್ರಾಕ್ಷಿ ಒಣಗಿಸುವ ಶೆಡ್. ಬಾಗಿಲಲ್ಲೇ ನಿಂತಿದ್ದಳು. ಮೈ ಸ್ವಲ್ಪ ತುಂಬಿಕೊಂಡಿದೆ, ಅದೇ ನೆಟ್ಟ ನೋಟ. ತಟ್ಟೆಯಲ್ಲಿ ಒಣದ್ರಾಕ್ಷಿ ತಂದಿಟ್ಟಳು.

"ನನಗ ನಡ್ಯಂಗಿಲ್ಲ."

"ನೀರು?"

"ಇವತ್ತಿಂದು ಇನ್ನೂರು ಎಂ.ಎಲ್. ಉಳದೈತಿ."

ಕಾಯಿಸಿ ಆರಿಸಿದ ನೀರನ್ನು ಸಣ್ಣ ವಾಟಿಯಲ್ಲಿ ಅಳೆದಂತೆ ತಂದುಕೊಟ್ಟಳು. ನಾನು ಮೊಬೈಲ್ ಮುಂದಿಟ್ಟು ಹೇಳಿದೆ, "ಸರ್ ನಿನಗ ಗುಳಿಗಿ ಕೊಡತಿದ್ರಲಾ, ಅದನ್ನ ಹೇಳು."

"ಸರ್ ಕೈಯಾಗಿಂದ ನಾ ಒಂದ ಗುಳಿಗೀನೂ ತಗೊಂಡಿಲ್ಲ" ಅಂದಳು ಪದ್ಮಾ. "ನನಗ ಕೊಟ್ಟಾಕಿ ನೀನು."

ಮೊಬೈಲಿನಲ್ಲಿ ಸೆಕೆಂಡು ಓಡುತ್ತಲೇ ಇದ್ದವು.

"ಡಬ್ಬಿ ಕ್ಯಾಪ್ಟನ್ ಬ್ಯಾಗಿನ್ಯಾಗ ಇರ್ತಿತ್ತು. ನೆನಪೈತೇನ ಸುನಂದಕ್ಕ? ಹೊತ್ತು ಮುಳುಗಿತ್ತು. ನಾ ಹೊತ್ತು ಮುಳುಗಿದ ಮ್ಯಾಲ ಉಣ್ಣಾಕಿ ಅಲ್ಲ, ನೀರು ಸೈತ ಕುಡಿಯಾಕಿ ಅಲ್ಲ. ಮಧ್ಯಾಹ್ನದಿಂದ ಬರೇ ಹೊಟ್ಟೀಲೆ ಇದ್ದೆ. ಪಕ್ಕೆಲುಬು ನೋಯಾಕತ್ತಿತ್ತು. ಔಷಧಕ್ಕ ವ್ರತ ಇಲ್ಲ ಅಂದಿ ನೀ. ಎರಡು ಹಳದಿ ಗುಳಿಗಿ ಬಾಯಾಗ ಹಾಕಿ, ಗ್ಲಾಸು ತುಟಿಗಿ ಹಿಡದಿ. ಕುಡಿಯೂತನಕ ಬಿಡಲಿಲ್ಲ. ನಾಲ್ಕು ದಿನಾ ಹಂಗ ಮಾಡಿದಿ."

ನೆನಪಿತ್ತು. ಆದರೆ ನನ್ನ ನೆನಪಿನಲ್ಲಿ ಅದು ಅಕ್ಕನಾಗಿ ನಾನು ಮಾಡಿದ ಆರೈಕೆ.

"ಐದನೇ ದಿನಾ ಮನಿಗಿ ಬಂದಾಕಿ ರಕ್ತ ಕಾರ್ಕೊಂಡೆ. ಹೊಟ್ಟಿ ಒಳಗ ತೂತು ಬಿದ್ದಿತ್ತು. ಸಾಂಗಲ್ಯಾಗ ಆಪರೇಶನ್ ಆತು. ಫೈನಲ್ ದಿನಾ ನಾ ಐಸಿಯುದಾಗ ಇದ್ದೆ. ನೀ ಫೋನ್ ಮಾಡಿ ಬಾಯಿಗಿ ಬಂದಂಗ ಬೈದಿ. ಅವತ್ತ ಫೋನ್ ಎತ್ತಿದ್ದು ನಮ್ಮವ್ವ."

ನಾನು ಏನೇನು ಬೈದಿದ್ದೆನೋ ಎಲ್ಲ ಒಂದೇ ಸಲಕ್ಕೆ ಕಿವಿಗೆ ಬಂತು. ಒಬ್ಬ ತಾಯಿಗೆ ಅನ್ನುವ ಮಾತುಗಳಲ್ಲ ಅವು.

"ಯಾಕ ಹೇಳಲಿಲ್ಲ?"

"ನೀ ಬಂದು ಕೇಳ್ತಿ ಅಂತ ಕಾಯಾಕತ್ತಿದ್ದೆ. ಹದಿಮೂರು ವರ್ಷ." ವಾಟಿ ಎತ್ತಿ ಪಕ್ಕಕ್ಕಿಟ್ಟಳು. "ನಿನ್ನ ಕಿಡ್ನಿ ಸುದ್ದಿ ಬಂತಲಾ, ಖರೇ ಹೇಳ್ತೀನಿ, ಮೊದಲ ನನಗ ಹಿಗ್ಗಾತು. ಆಮ್ಯಾಲ ನಾಚಿಕಿ ಆಗಿ ಬಸದಿಗಿ ಹೋಗಿ ಕುಂತು ಬಂದೆ. ಇದನ್ನೂ ರೆಕಾರ್ಡ್ ಮಾಡ್ಕೊ."

ಅವಳು ಸಾಕ್ಷಿ ಹೇಳಲು ಒಪ್ಪಿದಳು, ಒಂದು ಷರತ್ತಿನ ಮೇಲೆ. ಸರ್ ಹೆಸರಿಗಿಂತ ಮೊದಲು ನಾನು ನನ್ನ ಹೆಸರು ಹೇಳಬೇಕು. ಕೂತಲ್ಲಿ ಪಿಸುಗುಟ್ಟಿ ಅಲ್ಲ, ಮಂದಿ ಮುಂದೆ.

ನಾನು ಆಗಲಿ ಅನ್ನಲಿಲ್ಲ. ಎದ್ದು ಬಂದೆ.

ಮುಂದಿನ ಡಯಾಲಿಸಿಸ್‌ನ ನಾಲ್ಕು ತಾಸು ಇದನ್ನೇ ಲೆಕ್ಕ ಹಾಕಿದೆ. ಪದ್ಮಾಳ ರೆಕಾರ್ಡ್ ಅಳಿಸಿಬಿಟ್ಟರೆ ಯಾರಿಗೂ ಗೊತ್ತಾಗದು. ಶೋಭಾಳ ಮಾತೊಂದೇ ಸಾಕು, ಸರ್ ಮುಖಕ್ಕೆ ಮಸಿ ಬಳಿಯಲು. ನನ್ನ ನೌಕರಿ ಉಳಿಯುತ್ತದೆ, ಶಾಲೆಯಲ್ಲಿ ಮಕ್ಕಳು ಟೀಚರ್ ಅನ್ನುತ್ತಾರೆ. ಹಾಗೇ ಮಾಡೋಣ ಅಂದುಕೊಂಡು, ಸಮಾಧಾನಕ್ಕೆ ನನ್ನ ಹಳೇ ಆಟಕ್ಕೆ ಕೂತೆ. ಸರ್‌ಗೆ ಹಾಕಿದ್ದ ಶಿಕ್ಷೆಗಳನ್ನು ಈ ಸಲ ಡಬ್ಬಿ ಹೊತ್ತ ಕ್ಯಾಪ್ಟನ್‌ಗೆ ಹಾಕಿ ನೋಡಿದೆ. ಹಾಸಿಗೆ. ಎರಡು ಸೂಜಿ. ಮುಕ್ಕಾಲು ಲೀಟರ್ ನೀರು. ಒಂದೂ ಬಾಕಿ ಇರಲಿಲ್ಲ. ಸಿಸ್ಟರ್ ಬಂದು, "ಯಾಕ್ರಿ ಮೇಡಂ, ಬಿಪಿ ಏರಾಕತ್ತೇತಿ?" ಎಂದು ಕೇಳಿದರು.

ಸತ್ಕಾರ ಮಧ್ಯಾಹ್ನವಿತ್ತು. ಸಭಾಂಗಣದ ಒಂದು ಪಕ್ಕ ಹೊಸ ಟೀ ಶರ್ಟಿನ ಹುಡುಗಿಯರು, ಹಿಂದೆ ತಾಯಿ ತಂದೆ. ಬಾಗಿಲಲ್ಲಿ ಬಂದೋಬಸ್ತಿಗೆ ಮೀನಾಕ್ಷಿ, ಖಾಕಿಯಲ್ಲಿ. ಸರ್ ಕೇಸರಿ ಪೇಟಾ ಸುತ್ತಿಕೊಂಡು ಕೂತಿದ್ದರು. ಮುದುಕರಾಗಿದ್ದರು. ನನಗೆ ಅದರಿಂದ ಏನೂ ಕರುಣೆ ಬರಲಿಲ್ಲ. ನಿರೂಪಕರು, "ಸರ್ ಅವರ ಹಳೇ ಕ್ಯಾಪ್ಟನ್ ಸುನಂದಾ ಮೇಡಂ ಎರಡು ಮಾತು ಹೇಳಬೇಕು" ಅಂದರು.

"ಬಾ ನನ್ನ ಹುಲಿ" ಎಂದರು ಸರ್, ಮೈಕಿನಲ್ಲೇ.

ನಾನು ವೇದಿಕೆ ಹತ್ತಿ ಎಡಗೈ ಎತ್ತಿದೆ. ಫಿಸ್ಟುಲಾದ ಉಬ್ಬು ಎಲ್ಲರಿಗೂ ಕಾಣುವಂತೆ ಸೆರಗು ಸರಿಸಿದೆ.

"ಪಂಚ ನೋಡಿರಲಿಲ್ಲ, ಅದಕ್ಕ ಇಷ್ಟು ವರ್ಷ ಕೈ ಎತ್ತಿರಲಿಲ್ಲ," ಅಂದೆ. "ಮಕ್ಕಳಿಗೆ ನೋವಿನ ಗುಳಿಗಿ ನುಂಗಿಸಿದಾಕಿ ನಾನು, ಸುನಂದಾ. ಪದ್ಮಾಗ ಬರೇ ಹೊಟ್ಟೀಲೆ ಕೊಟ್ಟು ಅಕಿ ಹೊಟ್ಟಿಗಿ ತೂತು ಹಾಕಿದಾಕಿ ನಾನು. ನನ್ನ ಕೈಯಾಗ ಡಬ್ಬಿ ಕೊಟ್ಟವರು ಈ ಸರ್. ನನ್ನ ಎರಡೂ ಕಿಡ್ನಿ ಹೋಗ್ಯಾವು. ಈ ಹುಡುಗ್ಯಾರ ತಾಯಂದ್ರು ಡಬ್ಬಿ ಇವತ್ತೂ ಐತೋ ಇಲ್ಲೋ ಕೇಳ್ರಿ."

"ಸುನಂದಾ, ಹುಷಾರಿಲ್ಲ ನಿನಗ, ಕೂಡು" ಎಂದರು ಸರ್. ಮುಖದ ಬಣ್ಣ ಇಳಿದಿತ್ತು. ಆ ಮುಖವನ್ನು ನಾನು ಕಣ್ತುಂಬ ನೋಡಿದೆ. ಸುಳ್ಳು ಯಾಕೆ ಹೇಳಲಿ, ಸಂತೋಷವಾಯಿತು.

ಹಿಂದಿನ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ಪದ್ಮಾ. ಪಕ್ಕದಲ್ಲಿ ಕುರ್ಚಿಯಲ್ಲಿ ಕೂತೇ ಶೋಭಾ. ಮೀನಾಕ್ಷಿ ಎತ್ತಲಿಲ್ಲ, ನೆಲ ನೋಡಿದಳು. ನನ್ನ ಶಾಲೆಯ ಹುಡುಗಿಯೊಬ್ಬಳ ತಾಯಿ ಎದ್ದು, ವೇದಿಕೆಯ ಕಡೆ ನೋಡದೆ, ಮಗಳ ಬ್ಯಾಗು ಹೆಗಲಿಗೆ ಹಾಕಿಕೊಂಡಳು. ಉಳಿದಿಬ್ಬರ ಮನೆಯವರೂ ಎದ್ದರು.

ವಿಚಾರಣೆ ನಡೆದಿದೆ. ನನ್ನ ಮೇಲೂ ನಡೆದಿದೆ, ಶಾಲೆಯವರು ಕಾಗದ ಕೊಟ್ಟಿದ್ದಾರೆ. ಕ್ಯಾಂಪ್ ಸದ್ಯಕ್ಕೆ ನಿಂತಿದೆ. ಸರ್ ಊರಲ್ಲೇ ಅಡ್ಡಾಡುತ್ತಾರೆ, ಬೇಕಾದಷ್ಟು ನೀರು ಕುಡಿಯುತ್ತಾರೆ. ಅವರನ್ನು ನಾನು ಕ್ಷಮಿಸಿಲ್ಲ, ಆ ಯೋಚನೆಯೂ ಇಲ್ಲ. ಮಂಗಳವಾರ, ಶುಕ್ರವಾರ ಮಷಿನ್ನಿಗೆ ಹೋಗುತ್ತೇನೆ. ಹೋದ ವಾರ ಪೊಟ್ಯಾಸಿಯಂ ಹದಕ್ಕೆ ಬಂದಿತ್ತು. ಅಷ್ಟಕ್ಕೆ ಸಿಸ್ಟರ್‌ಗೂ ಮನೆಯವರಿಗೂ ಕೈ ಮುಗಿದೆ.

ಅವತ್ತು ಸಭೆ ಚದುರಿದ ಮೇಲೆ ಸಭಾಂಗಣದ ಹೊರಗೆ ಮೆಟ್ಟಿಲ ಮೇಲೆ ಕುಸಿದು ಕೂತಿದ್ದೆ. ನಾಲಿಗೆ ಅಂಗುಳಕ್ಕೆ ಅಂಟಿತ್ತು. ಪದ್ಮಾ ಬಂದು ಪಕ್ಕದಲ್ಲಿ ಕೂತು, ಚೀಲದಿಂದ ಮನೆಯ ನೀರಿನ ಬಾಟಲಿ, ಒಂದು ಲೋಟ ತೆಗೆದಳು.

"ಇವತ್ತಿಂದು ಎಷ್ಟು ಉಳದೈತಿ?"

"ನೂರು."

ಮುಚ್ಚಳದಲ್ಲಿ ಅಳೆದು ಲೋಟಕ್ಕೆ ಹಾಕಿದಳು. ಅವಳೇ ಲೋಟ ತುಟಿಗೆ ಹಿಡಿದಳು.

"ಮಾಫ್ ಮಾಡೀನಂತ ತಿಳ್ಕೋಬ್ಯಾಡ."

"ಇಲ್ಲ."

"ಕುಡಿ."

ಕುಡಿದೆ. ಹೊತ್ತು ಮುಳುಗಲು ಇನ್ನೂ ತಾಸಿತ್ತು. ಬಾಟಲಿಯಲ್ಲಿ ಉಳಿದದ್ದನ್ನು ಅವಳು ಕುಡಿದಳು.