ಸೊನ್ನೆಯಣ್ಣನ ಕಿವಿ

ನನ್ನ ತಮ್ಮನನ್ನು ಅಂಗಡಿಯಲ್ಲಿ ಎಲ್ಲರೂ ಸೊನ್ನೆಯಣ್ಣ ಎನ್ನುತ್ತಾರೆ. ಯಾವ ಯಂತ್ರವೇ ಆಗಲಿ, ಅದರ ಗುಂಡಿ ಸೊನ್ನೆಯಲ್ಲಿದೆಯೇ ಎಂದು ಬಗ್ಗಿ ನೋಡದೆ ಅವನು ಸ್ವಿಚ್ ಹಾಕುವವನಲ್ಲ. ಮನೆಯ ಫ್ಯಾನಿಗೂ ಅದೇ ಶಿಸ್ತು. ನಾವು ಸೆಖೆಗೆ ಬೇಯುತ್ತಿದ್ದರೂ ಮೊದಲು ಸೊನ್ನೆಗೆ ತಂದು, ಸ್ವಿಚ್ ಒತ್ತಿ, ಆಮೇಲೆ ಒಂದೊಂದಾಗಿ ಏರಿಸುತ್ತಾನೆ. ಅವನ ಹೆಂಡತಿ ಒಮ್ಮೆ ನನ್ನೆದುರು, "ಇವರು ಜಗಳಾನೂ ಸೊನ್ನೆಯಿಂದಲೇ ಶುರು ಮಾಡ್ತಾರೆ ಅಕ್ಕಾ. ಇದು ಜಗಳ ಅಂತ ನನಗೆ ಗೊತ್ತಾಗೋ ಹೊತ್ತಿಗೆ ಊಟದ ಹೊತ್ತಾಗಿರುತ್ತೆ" ಎಂದಿದ್ದಳು.

ನಾವಿಬ್ಬರೂ ಕೆಲಸ ಮಾಡುವುದು ಒಂದು ಸ್ಪೀಕರ್ ರಿಪೇರಿ ಅಂಗಡಿಯಲ್ಲಿ. ನನ್ನವರು ತೀರಿಕೊಂಡ ಮೇಲೆ ತಮ್ಮನೇ ನನ್ನನ್ನು ಅಲ್ಲಿ ಸೇರಿಸಿದ. ಸ್ಪೀಕರ್ ಪೆಟ್ಟಿಗೆಗಳ ಮುಖಕ್ಕೆ ಬಟ್ಟೆ ಹೊಲಿಯುವುದು ನನ್ನ ಕೆಲಸ. ಹಿಂದಿನ ಕೋಣೆಯ ಕಿಟಕಿಯ ಬಳಿ ನನ್ನ ಹೊಲಿಗೆ ಯಂತ್ರ. ಎದುರಿಗೇ ಅವನ ಮೇಜು.

ಆ ಮೇಜಿನ ಮೇಲೆ ಫಂಕ್ಷನ್ ಜನರೇಟರ್ ಎಂಬ ಪೆಟ್ಟಿಗೆ ಇದೆ. ಅದು ಹಾಡದು, ಮಾತಾಡದು. ಒಂದೇ ಸಮನೆ ಅಲೆ ಹುಟ್ಟಿಸುತ್ತದೆ. ಒಂದು ಗುಂಡಿ ಅಲೆಯ ವೇಗಕ್ಕೆ, ಇನ್ನೊಂದು ಬಲಕ್ಕೆ. ವೇಗ ಹೆಚ್ಚಿದರೆ ದನಿ ಕೀಚಲು, ಬಲ ಹೆಚ್ಚಿದರೆ ಜೋರು. ಆ ಅಲೆ ಆಂಪ್ಲಿಫೈಯರ್ ಹೊಕ್ಕು, ಕೊಬ್ಬಿಕೊಂಡು, ಸ್ಪೀಕರಿಗೆ ಹೋಗುತ್ತದೆ. ತಮ್ಮ ಉಂಗುರ ತೆಗೆದು ಜೇಬಿಗೆ ಹಾಕುತ್ತಾನೆ. ಕಾಲಡಿ ಒಣ ರಬ್ಬರ್ ಚಾಪೆ ಇದೆಯೇ ನೋಡುತ್ತಾನೆ. ಕಪ್ಪು ತಂತಿ ಮೊದಲು, ಕೆಂಪು ಆಮೇಲೆ. ಯಂತ್ರ ನಡೆಯುವಾಗ ತಂತಿಯನ್ನು ಯಾರೂ ಮುಟ್ಟಕೂಡದು. ಮುಗಿದ ಮೇಲೆ ಬಲವನ್ನು ಸೊನ್ನೆಗೆ ಇಳಿಸಿಯೇ ಆರಿಸಬೇಕು. ಮೇಜಿನ ಮೇಲೆ ಚಹಾ ಇಡುವಂತಿಲ್ಲ. ಬಾಗಿಲ ಬಳಿಯ ಸ್ಟೂಲಿನ ಮೇಲೆ ಇಟ್ಟು, ಎದ್ದು ಹೋಗಿ ಕುಡಿದು ಬರಬೇಕು. ತಣ್ಣಗಾದ ಚಹಾ ಕುಡಿದೇ ಅವನ ಅರ್ಧ ಆಯಸ್ಸು ಕಳೆದಿದೆ.

ಇಂಥವನ ಕೈಯಲ್ಲಿ ಚಿಕ್ಕ ಸ್ಪೀಕರುಗಳು ಸುಡತೊಡಗಿದವು. ಪೆಟ್ಟಿಗೆಯೊಳಗೆ ಕೀಚಲು ದನಿಗೆಂದೇ ಇರುವ, ಅಂಗೈಯಲ್ಲಿ ಮುಚ್ಚಿಡಬಹುದಾದಂಥವು. "ದನಿ ಬರ್ತಿಲ್ಲ" ಎನ್ನುತ್ತ ಬಲ ಏರಿಸುತ್ತಿದ್ದ. ಇನ್ನೂ ಬರಲಿಲ್ಲವೆಂದು ಇನ್ನಷ್ಟು. ಕೊನೆಗೆ ಬರುತ್ತಿದ್ದದ್ದು ಹೊಗೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನು ಮೊದಲು ತಂತಿಯನ್ನು ಬೈದ, ಆಮೇಲೆ ಪೆಟ್ಟಿಗೆಯನ್ನು, ಆಮೇಲೆ ಕರೆಂಟನ್ನು. ಮಾಲೀಕರು ಯಾರನ್ನೂ ಬೈಯಲಿಲ್ಲ.

"ಇನ್ನೊಂದು ಸಲ ಹೊಗೆ ಬಂದ್ರೆ ನೀನು ಮುಂದುಗಡೆ ಗಿರಾಕಿಗಳನ್ನ ನೋಡ್ಕೋ. ಮೇಜಿಗೆ ಬೇರೆಯವರನ್ನ ಕೂರಿಸ್ತೀನಿ" ಎಂದರು.

ಗಿರಾಕಿಗಳ ಜೊತೆ ಮಾತಾಡುವುದೆಂದರೆ ತಮ್ಮನಿಗೆ ಜೈಲಿನ ಸಮ. ಆ ದಿನ ಅವನು ಚಹಾವನ್ನೇ ಮರೆತ.

ನಾನು ಮಾತ್ರ ಒಂದು ಸಂಗತಿ ಗಮನಿಸಿದ್ದೆ. ತಂತಿ ಕಡಿಯುವ ಇಲಿಗಳಿಗಾಗಿ ಅಂಗಡಿಯಲ್ಲಿ ಒಂದು ಬೆಕ್ಕು ಸಾಕಿದ್ದರು. ತಮ್ಮ "ದನಿ ಬರ್ತಿಲ್ಲ" ಎಂದಾಗಲೆಲ್ಲ ಅದು ಕಿವಿ ಹಿಂದಕ್ಕೆ ಮಡಚಿ, ನಮ್ಮಿಬ್ಬರನ್ನೂ ಒಮ್ಮೆ ದುರುಗುಟ್ಟಿ ನೋಡಿ, ಹೊರಗೆ ಹೋಗುತ್ತಿತ್ತು. ನನಗೂ ಏನೂ ಕೇಳುತ್ತಿರಲಿಲ್ಲ. ಆದರೆ ನನಗೆ ವಯಸ್ಸಾಗಿದೆ ಎಂದು ನನಗೆ ಗೊತ್ತಿತ್ತು.

"ದನಿ ಬರ್ತಿದೆ ಕಣೋ. ಬೆಕ್ಕಿಗೆ ಕೇಳ್ತಿದೆ, ವಯಸ್ಸಾದ ನಿನ್ನ ಕಿವಿಗೆ ಕೇಳ್ತಿಲ್ಲ" ಎಂದೆ.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು ಒಪ್ಪುತ್ತಾನೆಯೇ? ಈಗಲೇ ತೋರಿಸುತ್ತೇನೆ ಎಂದು ಸ್ಪೀಕರ್ ಜೋಡಿಸಿ, ಬಲ ಕಡಿಮೆ ಇಟ್ಟು, ಕಣ್ಣು ಮುಚ್ಚಿಕೊಂಡು ವೇಗ ಏರಿಸುತ್ತ ಹೋದ. "ಕೇಳ್ತಿದೆ. ಈಗಲೂ ಕೇಳ್ತಿದೆ" ಎನ್ನುತ್ತಿದ್ದ. ನಾನು ಮೆಲ್ಲಗೆ ಎದ್ದು ಹೋಗಿ ಕೆಂಪು ತಂತಿ ಕಿತ್ತೆ.

"ಕೇಳ್ತಿದೆ" ಎಂದ.

ತಂತಿಯನ್ನು ಅವನ ಕೈಗೆ ಕೊಟ್ಟೆ. ಅದನ್ನು ನೋಡಿದ, ನನ್ನನ್ನು ನೋಡಿದ. "ಸೊನ್ನೆಗೆ ತರದೇನೆ ಕಿತ್ತುಬಿಟ್ಯಾ?" ಎಂದು ಬೈದ. ಬೈದು ಮುಗಿಸಿದ ಮೇಲೆ, "ಬೆಕ್ಕು ಎಲ್ಲಿ?" ಎಂದು ಕೇಳಿದ.

ಮರುದಿನ ಯಾವುದೋ ಸಭಾಂಗಣದ ಸ್ಪೀಕರುಗಳು ಬಂದವು. ಮಾಲೀಕರು ಕುರ್ಚಿ ಎಳೆದುಕೊಂಡು ಮೇಜಿನ ಪಕ್ಕದಲ್ಲೇ ಕುಳಿತರು. ತಮ್ಮ ನನ್ನ ಸೀಮೆಸುಣ್ಣ ಇಸಿದುಕೊಂಡು, ಮೀಟರ್ ನೋಡಿ, ಬಲದ ಗುಂಡಿಯ ಪಕ್ಕ ಒಂದು ಗೀಟು ಎಳೆದ. ಅದನ್ನು ದಾಟಿದರೆ ಸುಡುತ್ತದೆ ಎಂದು ಲೆಕ್ಕ. ಆಮೇಲೆ ಬೆಕ್ಕನ್ನು ಎತ್ತಿ ತಂದು ಪಕ್ಕದ ಡಬ್ಬಿಯ ಮೇಲೆ ಕೂರಿಸಿದ.

"ಇದ್ಯಾಕೆ?" ಎಂದರು ಮಾಲೀಕರು.

ತಮ್ಮ ಹೇಳಿದ: "ಕೀಚಲು ದನಿ ನನಗೆ ಕೇಳಲ್ಲ ಸ್ವಾಮಿ. ಇನ್ಮೇಲೆ ಕಿವಿ ಇದರದ್ದು, ಕೈ ನಂದು."

ಮಾಲೀಕರು ವಯಸ್ಸಿನಲ್ಲಿ ತಮ್ಮನಿಗಿಂತ ದೊಡ್ಡವರು. ನಕ್ಕರು. ಕಿವಿ ಇಲ್ಲದವನಿಗೆ ಈ ಮೇಜು ಯಾಕೆ ಎಂದರು. ತಮ್ಮ ಉಂಗುರ ತೆಗೆದ, ಚಾಪೆ ನೋಡಿದ, ಕಪ್ಪು ಸಿಕ್ಕಿಸಿದ, ಕೆಂಪು ಸಿಕ್ಕಿಸಿದ, ಸ್ವಿಚ್ ಹಾಕಿದ. ಪೆಟ್ಟಿಗೆಯ ದೀಪ ಹತ್ತಿತು. ಮಾಲೀಕರು ಸ್ಪೀಕರಿನ ಕಡೆ ಬಾಗಿ ತಲೆಯಾಡಿಸಿದರು.

"ಇಷ್ಟು ಚೆನ್ನಾಗಿ ಕೇಳ್ತಿದೆಯಲ್ಲೋ. ಇದಕ್ಕೆ ಬೆಕ್ಕು ಬೇಕಾ?"

ಬೆಕ್ಕು ತನ್ನ ಪಾಡಿಗೆ ಕಾಲು ನೆಕ್ಕುತ್ತಿತ್ತು. ತಮ್ಮ ಬಹಳ ಮರ್ಯಾದೆಯಿಂದ ಹೇಳಿದ: "ಗುಂಡಿ ಇನ್ನೂ ಸೊನ್ನೆಯಲ್ಲಿದೆ ಸ್ವಾಮಿ."

ನಾನು ನಗು ತಡೆಯಲು ಸೂಜಿಗೆ ದಾರ ಪೋಣಿಸಿದೆ. ಅದರಲ್ಲಿ ಆಗಲೇ ದಾರವಿತ್ತು.

ತಮ್ಮ ಬಲವನ್ನು ಎಳೆಎಳೆಯಾಗಿ ಏರಿಸಿದ. ಗೀಟಿಗೆ ಇನ್ನೂ ದೂರವಿರುವಾಗಲೇ ಬೆಕ್ಕಿನ ಕಿವಿ ನಿಮಿರಿತು; ಅಲ್ಲಿಗೆ ನಿಲ್ಲಿಸಿದ. ಈ ಸಲ ಮಾಲೀಕರು ಕೇಳುತ್ತದೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಮುಂದಿನ ಸ್ಪೀಕರಿಗೆ ಗೀಟಿನವರೆಗೆ ಏರಿಸಿದರೂ ಬೆಕ್ಕು ಅಲುಗಲಿಲ್ಲ. ತಮ್ಮ ಸೊನ್ನೆಗೆ ಇಳಿಸಿ, ಆರಿಸಿ, ಬಿಚ್ಚಿ ನೋಡಿದ. ಒಳಗೆ ಕೂದಲಿನಂಥ ತಂತಿ ತುಂಡಾಗಿತ್ತು. ಎಲ್ಲ ಮುಗಿಯುವವರೆಗೆ ಎಲ್ಲೂ ಹೊಗೆ ಬರಲಿಲ್ಲ.

ಮಾಲೀಕರು ಎದ್ದು ಕುರ್ಚಿಯನ್ನು ತಾವೇ ಹೊತ್ತುಕೊಂಡು ಮುಂದಿನ ಕೋಣೆಗೆ ಹೊರಟರು. ಬಾಗಿಲಲ್ಲಿ ನಿಂತು, "ಅದಕ್ಕೊಂದು ಲೋಟ ಹಾಲು ತರಿಸು. ನನ್ನ ಕಿವಿಯ ವಿಷಯ ಹೊರಗೆ ಎತ್ತಬೇಡ" ಎಂದರು.

ಹಾಲು ದಿನಾ ಬರುತ್ತಿದೆ. ಆದರೆ ತಮ್ಮ ಅದನ್ನು ಮೇಜಿನ ಹತ್ತಿರಕ್ಕೂ ಬಿಟ್ಟುಕೊಳ್ಳುವುದಿಲ್ಲ. ಬಾಗಿಲ ಬಳಿಯ ಸ್ಟೂಲಿನ ಮೇಲೆ ಚಹಾ, ಅದರ ಪಕ್ಕದಲ್ಲಿ ಹಾಲು. ಹೊತ್ತಾದಾಗ ಇಬ್ಬರೂ ಎದ್ದು ಹೋಗಿ ಕುಡಿದು ಬರುತ್ತಾರೆ.