ಕಾಕು ಹಚ್ಚದ ಒಲೆ

ಕಾಕುವಿನ ಎಡಗಿವಿಯ ಹಾಲೆ ಎರಡು ಸೀಳಾಗಿತ್ತು. ಆಕೆ ಜೀವಕ್ಕಿಂತ ಹೆಚ್ಚು ಮೆಚ್ಚಿದ ದೊಡ್ಡ ಸಿನಿಮಾ ನಟ ಹುಬ್ಬಳ್ಳಿಗೆ ಬಂದಿದ್ದಾಗ ನೂಕುನುಗ್ಗಲಿನಲ್ಲಿ ಯಾರದೋ ಕೈಗೆ ಸಿಕ್ಕಿ ಝುಮಕಿ ಕಿತ್ತುಹೋಗಿ ಆದ ಗಾಯ ಅದು. ಬೇರೆ ಹೆಂಗಸಾಗಿದ್ದರೆ ಸೆರಗು ಹೊದ್ದು ಮುಚ್ಚಿಕೊಳ್ಳುತ್ತಿದ್ದಳು. ಕಾಕು ಮಾತ್ರ ಕೂದಲು ಹಿಂದಕ್ಕೆ ಸರಿಸಿ, ಕೇಳಿದವರಿಗೂ ಕೇಳದವರಿಗೂ ತೋರಿಸುತ್ತಿದ್ದಳು. "ಝುಮಕಿ ಹೋತು, ಹೋಗಲಿ. ಅವನ ಮಾತು ಖುದ್ದ ಕೇಳೇನಿ. ನೀವು ಕೇಳೀರೇನು?" ಎಂದು ನಮ್ಮನ್ನೇ ಗದರಿಸುತ್ತಿದ್ದಳು.

ದಾಂಡೇಲಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಆಕೆಯ ಖಾನಾವಳಿ. ನಾನು ತೇರಗಾಂವದಿಂದ ಬಂದು ಕಟ್ಟಿಗೆ ಡಿಪೋದಲ್ಲಿ ಕೆಲಸಕ್ಕೆ ಸೇರಿ, ಅಂಬೇವಾಡಿಯಲ್ಲಿ ಒಂದು ಖೋಲಿ ಹಿಡಿದಿದ್ದೆ. ತೊಂಬತ್ತರ ದಶಕದ ನಡುಭಾಗ. ಲಾರಿ ಡ್ರೈವರುಗಳು, ಕಂಡಕ್ಟರುಗಳು, ನನ್ನಂಥ ಒಂಟಿ ಪಿಶಾಚಿಗಳು ಎಲ್ಲರೂ ಆಕೆಯನ್ನು ಕಾಕು, ಅಂದರೆ ಚಿಕ್ಕವ್ವ, ಎಂದೇ ಕರೆಯುತ್ತಿದ್ದರು. ಮೊದಲ ದಿನ ಅರ್ಧ ರೊಟ್ಟಿ ಬಿಟ್ಟು ಎದ್ದೆ. ಬಂದಾಗಲೇ ನನ್ನೂರು ಕೇಳಿಕೊಂಡು ಅದನ್ನೇ ನನ್ನ ಹೆಸರಾಗಿಸಿದ್ದ ಆಕೆ ಭುಜ ಹಿಡಿದು ಮತ್ತೆ ಕೂಡಿಸಿದಳು.

"ಯಾಕೋ ತೇರಗಾಂವ, ರೊಟ್ಟಿ ಕಹಿ ಐತೇನು?"

"ಇಲ್ರಿ ಕಾಕು, ಹೊಟ್ಟಿ ತುಂಬೇತ್ರಿ."

"ಹಂಗಾರ ನೀಡೂ ಮುಂದ ಸಾಕು ಅನ್ನಾಕ ಏನಾಗಿತ್ತು? ಬಾಯಾಗ ಕಡಬು ಇಟ್ಕೊಂಡಿದ್ದೇನು? ಉಣ್ಣು."

ಉಂಡೆ. ಅಲ್ಲಿಂದ ಹತ್ತು ಹನ್ನೊಂದು ವರ್ಷ ಆಕೆಯ ಕೈ ರೊಟ್ಟಿ ಉಂಡೆ. ಒಮ್ಮೆ ನನಗೆ ವಿಷಮಶೀತ ಜ್ವರ ಬಂದು ಖೋಲಿಯಲ್ಲಿ ಬಿದ್ದಿದ್ದಾಗ, ಮಧ್ಯಾಹ್ನದ ಗಿರಾಕಿಗಳನ್ನು ಮುಗಿಸಿ, ಉರಿಬಿಸಿಲಿನಲ್ಲಿ ಅಂಬೇವಾಡಿಯವರೆಗೆ ನಡೆದುಬಂದು ಗಂಜಿ ಕುಡಿಸಿ ಹೋಗುತ್ತಿದ್ದಳು. ಹೆತ್ತವ್ವ ತೇರಗಾಂವದಲ್ಲಿದ್ದಳು. ಇಲ್ಲಿ ನನ್ನನ್ನು ಉಳಿಸಿಕೊಂಡವಳು ಈಕೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಹೇಳುವುದನ್ನು ಓದಿ ನೀವು ನನಗೆ ಎಷ್ಟು ಉಗಿಯಬೇಕೆಂಬುದು ತಿಳಿದಿರಲಿ.

ಆ ನಟನ ಹೊಸ ಸಿನಿಮಾ ಊರಿಗೆ ಬಂತೆಂದರೆ ಮೊದಲ ದಿನ ಖಾನಾವಳಿಯ ಬಾಗಿಲಿಗೆ ಕೀಲಿ. ಬಾಗಿಲ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದಿರುತ್ತಿದ್ದಳು: 'ಪಿಕ್ಚರಿಗೆ ಹೋಗೇನಿ. ಸಂಜೀಕ ಬರ್ರಿ.' ಸಂಜೆ ಸಾರಿಗೆ ಒಂದೋ ಎರಡು ಸಲ ಉಪ್ಪು ಬಿದ್ದಿರುತ್ತಿತ್ತು, ಇಲ್ಲವೇ ಬಿದ್ದೇ ಇರುತ್ತಿರಲಿಲ್ಲ. ಒಬ್ಬ ಡ್ರೈವರ್ ಧೈರ್ಯ ಮಾಡಿ, "ಕಾಕು, ಸಾರಿಗೆ ಉಪ್ಪಿಲ್ರಿ" ಅಂದ.

"ಈಗಷ್ಟ ಅತ್ತು ಬಂದೇನಿ. ಕಣ್ಣೀರ ಹಿಂಡಲೇನು ಅದರಾಗ?"

ಅವನು ತಲೆ ತಗ್ಗಿಸಿ ಉಂಡ. ನಾವು ನಗು ತಡೆಯಲಾರದೆ ಕೆಮ್ಮಿದೆವು.

ಗಂಡ ಕುಡಿದು ಕುಡಿದು ಸತ್ತಾಗ ಕಾಕುಗೆ ಇನ್ನೂ ಮೂವತ್ತು ತುಂಬಿರಲಿಲ್ಲವಂತೆ. ಮಕ್ಕಳಿಲ್ಲ. ತವರಿಗೆ ಹೋಗಲಿಲ್ಲ, ಒಲೆ ಹಚ್ಚಿ ಕುಳಿತಳು. "ಅಂವ ಚಂದ ಅದಾನ ಅಂತ ನಾ ನೋಡೂದಿಲ್ಲೋ ತಮ್ಮಾ," ಎಂದು ಒಮ್ಮೆ ರೊಟ್ಟಿ ಬಡಿಯುತ್ತ ಆ ನಟನ ಬಗ್ಗೆ ಹೇಳಿದ್ದಳು. "ಪಿಕ್ಚರಿನ್ಯಾಗ ಅಂವ ಮನೀಗೆ ಬಂದವರಿಗೆ ನೀಡಲಾರದ ತಾ ಉಂಡಿದ್ದು ನಾ ಕಂಡಿಲ್ಲ. ಅದನ್ನ ನೋಡಿ ನೋಡೇ ನಾ ಖಾನಾವಳಿ ಇಟ್ಟೆ." ಸಿನಿಮಾದಲ್ಲಿ ಕಂಡದ್ದನ್ನು ಅಷ್ಟು ಖರೆ ಎಂದು ನಂಬಿ, ಹಾಗೇ ಬಾಳಿದ ಇನ್ನೊಬ್ಬರನ್ನು ನಾನು ನೋಡಿಲ್ಲ.

ನಾನೂ ಅಭಿಮಾನಿಯೇ. ಅಷ್ಟೇ ಅಲ್ಲ, ಅಭಿಮಾನಿಗಳ ಸಂಘದ ಕಾರ್ಯದರ್ಶಿ! ನಮ್ಮ ಅಧ್ಯಕ್ಷ ಪಂಕ್ಚರ್ ಅಂಗಡಿ ಇಟ್ಟವನು. ನಮಗೊಂದು ಬ್ಯಾನರ್ ಇತ್ತು, ಕಾಗದಕ್ಕೆ ಒತ್ತಲು ಒಂದು ರಬ್ಬರ್ ಶಿಕ್ಕಾ ಇತ್ತು. ಕಾಕು ಅದನ್ನು ನೋಡಿ ಬಿದ್ದುಬಿದ್ದು ನಕ್ಕಿದ್ದಳು. "ಶಿಕ್ಕಾ ಯಾಕ್ರಲೇ? ಅವನ ಹಣಿಮ್ಯಾಲೆ ಒತ್ತಾವರೇನು, ಇಂವ ನಮ್ಮಾಂವ ಅಂತ?" ನಮಗೆ ಸಿಟ್ಟು ಬಂದಿತ್ತು. ಆಗಲೇ ಬುದ್ಧಿ ಬರಬೇಕಿತ್ತು.

ಎರಡು ಸಾವಿರ ಇಸವಿ ದಾಟಿ ಕೆಲ ವರ್ಷಗಳಾಗಿದ್ದವು. ಒಂದು ಮಧ್ಯಾಹ್ನ ಆ ನಟ ತೀರಿಕೊಂಡ ಸುದ್ದಿ ಬಂತು. ಊರು ನಿಜವಾಗಿ ಅತ್ತಿತು. ಅಂಗಡಿಯವರು ತಾವಾಗಿ ಬಾಗಿಲು ಎಳೆದರು. ಅಷ್ಟಕ್ಕೆ ಬಿಟ್ಟಿದ್ದರೆ ಏನಾಗುತ್ತಿತ್ತು? ಆದರೆ ತಾನಾಗಿ ಮುಚ್ಚಿದ ಬಾಗಿಲಲ್ಲಿ ನಮಗೇನು ಗಮ್ಮತ್ತು? ನಾವು ಮುಚ್ಚಿಸಬೇಕಿತ್ತು. ಸಂಜೆಯೊಳಗೆ ಟೈರು ಸುಟ್ಟೆವು. ಒಂದು ಬಸ್ಸಿನ ಗಾಜು ಒಡೆದೆವು. ಆ ಬಸ್ಸು ಏನು ಮಾಡಿತ್ತು? ಅದೇ ಬಸ್ಸಲ್ಲವೇ ಹಳ್ಳಿ ಹಳ್ಳಿಯಿಂದ ಜನರನ್ನು ಅವನ ಸಿನಿಮಾಕ್ಕೆ ಕರೆತಂದದ್ದು? ಥೂ ನಮ್ಮ!

ಗಾಜು ಒಡೆದದ್ದೇ ಎಲ್ಲ ಬಸ್ಸುಗಳೂ ನಿಂತವು. ಜೋಯಿಡಾ ಕಡೆಯ ಹಳ್ಳಿಗಳವರು, ಅನಮೋಡ ದಾಟಿ ಗೋವಾಕ್ಕೆ ಕೂಲಿಗೆ ಹೊರಟವರು, ಮಕ್ಕಳುಮರಿ ಕಟ್ಟಿಕೊಂಡು ಬಸ್‌ಸ್ಟ್ಯಾಂಡಿನಲ್ಲೇ ಉಳಿದರು. ಮರುದಿನ ಪೂರ್ತಿ ಬಂದ್. ಕುಡಿಯಲು ಚಹಾ ಇಲ್ಲ, ತಿನ್ನಲು ಒಂದು ಬನ್ನೂ ಇಲ್ಲ.

ಅಂದು ಕಾಕುವಿನ ಖಾನಾವಳಿಯಲ್ಲಿ ಏನಾಯಿತೆಂದು ನನಗೆ ಆಮೇಲೆ ಹೇಳಿದವಳು ಪಕ್ಕದ ಮುಸಲ್ಮಾನರ ಬಳೆ ಅಂಗಡಿಯ ಭಾಬಿ. ಸುದ್ದಿ ಬಂದ ಗಳಿಗೆಯಿಂದ ಕಾಕು ಒಲೆಗೆ ಕಡ್ಡಿ ಗೀರಿರಲಿಲ್ಲ, ನೀರು ಬಿಟ್ಟು ಬೇರೇನೂ ಮುಟ್ಟಿರಲಿಲ್ಲ. ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಮಕ್ಕಳು ಅಳುವುದು ಓಣಿಯವರೆಗೆ ಕೇಳಿದಾಗ ಎದ್ದು ಹೋಗಿ ಭಾಬಿಯ ಬಾಗಿಲು ಬಡಿದಳಂತೆ.

"ಭಾಬಿ, ನನ್ನ ಮನ್ಯಾಗ ಸಾವಾಗೇತಿ. ನಾ ಒಲಿ ಹಚ್ಚಾಕ ಬರೂದಿಲ್ಲ. ನೀ ನೆರಿಮನಿಯಾಕಿ. ನೀ ಹಚ್ಚು. ಅಕ್ಕಿ, ಬ್ಯಾಳಿ ನಂದ ತಗೋ."

ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಉರಿಯುವುದಿಲ್ಲ. ನೆರೆಯವರು ತಮ್ಮ ಮನೆಯಲ್ಲಿ ಬೇಯಿಸಿ ತಂದು, ಅಳುವವರನ್ನೂ ಬಂದವರನ್ನೂ ಉಣ್ಣಿಸುತ್ತಾರೆ. ಕಾಕು ತನ್ನನ್ನು ಸಾವಿನ ಮನೆಯವಳೆಂದೇ ತಿಳಿದಿದ್ದಳು. ಲಿಂಗವಂತರ ಖಾನಾವಳಿ ಎಂದು ಬೋರ್ಡು ಹಾಕಿದ್ದ ಹೆಂಗಸು, ಹೊರಗಿನವರನ್ನು ಅಡುಗೆಮನೆಯ ಹೊಸ್ತಿಲು ದಾಟಲು ಬಿಡದ ಹೆಂಗಸು, ಅಂದು ಹಿತ್ತಲಲ್ಲಿ ಮೂರು ಕಲ್ಲಿಟ್ಟು ಭಾಬಿಯ ಕೈಯಿಂದ ಬೆಂಕಿ ಹಾಕಿಸಿದಳು. ಅನ್ನ ಕುದಿಯುತ್ತಿರುವಾಗ ಬಸ್‌ಸ್ಟ್ಯಾಂಡಿನವರನ್ನು ಕರೆತಂದು ಹಿತ್ತಲ ತುಂಬ ಸಾಲಾಗಿ ಕೂಡಿಸಿದಳು.

ಹಿತ್ತಲಿನ ಹೊಗೆ ನಮಗೆ ಕಂಡಿತು. ಕೈಗಾಡಿಯ ಮೇಲೆ ಹಾರ ಹಾಕಿದ ಫೋಟೋ ಇಟ್ಟುಕೊಂಡು ಅದೇ ಓಣಿಯಲ್ಲಿ ಮೆರವಣಿಗೆ ಹೊರಟಿದ್ದೆವು. ಯಾರೋ ಕೂಗಿದ: "ಅಲ್ನೋಡ್ರಲೇ, ಒಲಿ ಹಚ್ಯಾರ!" ಮುಗಿಯಿತು. ನಲವತ್ತು ಐವತ್ತು ಮಂದಿ ಹಿತ್ತಲಿಗೆ ನುಗ್ಗಿದೆವು.

ಕಾಕು ಪಾತ್ರೆಯ ಮುಂದೆ ಕೈ ಅಗಲಿಸಿ ನಿಂತಳು.

"ಸತ್ತ ಮರುದಿನಾನ ಅನ್ನ ಮಾಡಾಕ ನಾಚಿಕಿ ಆಗೂದಿಲ್ಲೇನ?" ಎಂದು ಅಧ್ಯಕ್ಷ ಅರಚಿದ. "ಅದೂ ಯಾರ ಕೈಲೆ ಮಾಡಸಾಕತ್ತಿ!"

"ನನ್ನ ಒಲಿ ಆರೇತಿ, ಒಳಗ ಹೋಗಿ ನೋಡ್ರಲೇ. ಇದು ನೆರಿಯವರ ಒಲಿ. ಕೂಸುಗೋಳು ನಿನ್ನಿಯಿಂದ ಹಸದಾವು. ಇವರು ಉಣ್ಣಲಿ, ಆಮ್ಯಾಲ ಏನರ ಮಾಡ್ಕೋರಿ."

ಮುಂದಿದ್ದ ಒಂದಿಬ್ಬರು ಹಿಂದೆ ಸರಿದರು. ಅಧ್ಯಕ್ಷ ನನ್ನ ಕಡೆ ತಿರುಗಿದ. "ಏನ್ರೀ ಕಾರ್ಯದರ್ಶಿ, ನಿಮ್ಮ ಕಾಕು ಅಂತ ಬಿಡ್ತೀರೇನು?"

ಕಾಕು ನನ್ನನ್ನು ನೋಡಿದಳು. "ತೇರಗಾಂವ, ನೀ ಹೇಳೋ ಇವರಿಗೆ. ನಿನಗ ಗೊತ್ತೈತೆಲ್ಲ."

ಗೊತ್ತಿತ್ತು. ನನ್ನ ಅಜ್ಜ ಸತ್ತಾಗ ಆಚೆಮನೆಯವರು ತಂದ ಝುಣಕ ರೊಟ್ಟಿಯನ್ನು ಬಿಕ್ಕುತ್ತ ಉಂಡವನು ನಾನು. ಗೊತ್ತಿರಲಿಲ್ಲ ಎಂದು ಸುಳ್ಳು ಹೇಳಿ ತಪ್ಪಿಸಿಕೊಳ್ಳಲೂ ನನಗೆ ದಾರಿಯಿಲ್ಲ. ಐವತ್ತು ಮಂದಿ ನನ್ನನ್ನೇ ನೋಡುತ್ತಿದ್ದರು. ಅವರೆದುರು ಸಣ್ಣವನಾಗಬಾರದು, ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಕಾಕುವನ್ನು ಬದಿಗೆ ನೂಕಿ ಪಾತ್ರೆಯನ್ನು ಒದ್ದೆ.

ಹೌದು, ನಾನೇ. ಅಧ್ಯಕ್ಷನಲ್ಲ, ಹೊರಗಿನ ಪುಂಡರಲ್ಲ. ಗುಂಪಿನಲ್ಲಿ ಯಾರೋ ಒದ್ದರು ಎಂದು ಎಷ್ಟೋ ವರ್ಷ ಹೇಳಿಕೊಂಡು ತಿರುಗಿದೆ. ಯಾರೋ ಅಲ್ಲ, ನನ್ನ ಕಾಲು. ವಾಲಿದ ಪಾತ್ರೆಯನ್ನು ಕಾಕು ಬರಿಗೈಯಲ್ಲಿ ಹಿಡಿಯಲು ಹೋದಳು. ಎರಡೂ ಅಂಗೈ ಸುಟ್ಟು ಬೊಬ್ಬೆ ಎದ್ದವು. ಅನ್ನ ಮಣ್ಣುಪಾಲಾಯಿತು. ಭಾಬಿ ಬಾಯಿ ಬಡಿದುಕೊಂಡು ಅತ್ತಳು. ನಮ್ಮವರು ಆ ನಟನ ಹೆಸರಿಗೆ ಜೈಕಾರ ಹಾಕಿದರು. ಎಂಥ ಜೈಕಾರ! ಸತ್ತವನು ಎದ್ದು ಬಂದಿದ್ದರೆ ನಮ್ಮೆಲ್ಲರ ಕಪಾಳಕ್ಕೆ ಬಿಗಿಯುತ್ತಿದ್ದ.

ನಮ್ಮ ನಾಚಿಕೆಗೇಡಿತನ ಅಲ್ಲಿಗೂ ಮುಗಿಯಲಿಲ್ಲ. ಹನ್ನೊಂದನೆಯ ದಿನ ಸಂಘದಿಂದ ಅನ್ನಸಂತರ್ಪಣೆ ಮಾಡಬೇಕೆಂದು ಠರಾವಾಯಿತು. ಅಡುಗೆ ಯಾರು ಮಾಡಬೇಕು? "ಕಾಕುನ ಕೇಳೂಣು, ಆಕಿ ಕೈ ರುಚಿ ಯಾರಿಗೈತಿ?" ಎಂದ ಅಧ್ಯಕ್ಷ. ಅವನ ಮುಖದಲ್ಲಿ ಒಂದಿಷ್ಟೂ ಸಂಕೋಚವಿರಲಿಲ್ಲ. ನಾನೂ ಬಾಯಿ ಮುಚ್ಚಿಕೊಂಡು ಅವನ ಹಿಂದೆ ಹೋದೆ.

ಕಾಕು ಕಟ್ಟೆಯ ಮೇಲೆ ಕುಳಿತಿದ್ದಳು. ಎರಡೂ ಕೈಗೆ ಬಟ್ಟೆ ಸುತ್ತಿತ್ತು. ಭಾಬಿ ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ಅಧ್ಯಕ್ಷ ಕೈ ಮುಗಿದು, ದೊಡ್ಡವರ ಹೆಸರಿನ ಊಟ, ನಿಮ್ಮ ದೇಖರೇಖಿಯಲ್ಲಿ ಆಗಲಿ ಎಂದು ಏನೇನೋ ಹೇಳಿದ. ಕಾಕು ಬಾಯಲ್ಲಿದ್ದದ್ದನ್ನು ನುಂಗಿ, ನೀರು ಕುಡಿದು, ಆಮೇಲೆ ಮಾತಾಡಿದಳು.

"ಅವನ ಹೆಸರಿನ ಊಟ ಆವತ್ತ ಮಾಡಿದ್ದೆ. ನೀವು ಚೆಲ್ಲಿದ್ರಿ. ಇನ್ನ ಎಷ್ಟ ಸಲ ಮಾಡಲಿ? ನಿಮಗ ಅಂವ ಯಾಕ ಬೇಕಾಗಿತ್ರಲೇ? ಅಂವ ಬದುಕಿದ್ದಾಗ ಶಿಕ್ಕಾ ಒತ್ತಾಕ, ಸತ್ತಾಗ ಕಲ್ಲ ಒಗಿಯಾಕ. ನಡೀರಿ, ನನ್ನ ಕಟ್ಟಿ ಇಳೀರಿ. ಇಲ್ಲಾಂದ್ರ ಈ ಸುಟ್ಟ ಕೈಲೇ ಕಸಬರಗಿ ಹಿಡೀತೇನಿ!"

ಅಧ್ಯಕ್ಷ ಓಣಿ ದಾಟಿಬಿಟ್ಟಿದ್ದ. ನಾನು ಮಾತ್ರ ನಿಂತೆ. ಬಗ್ಗಿ ಆಕೆಯ ಕಾಲು ಹಿಡಿಯಲು ಹೋದೆ. ಕಾಲು ಹಿಂದಕ್ಕೆಳೆದುಕೊಂಡಳು.

"ಕಾಕು, ತಪ್ಪಾತ್ರಿ. ಬೈರಿ, ಹೊಡೀರಿ. ಹೊಟ್ಟ್ಯಾಗ ಹಾಕ್ಕೋರಿ."

"ನನ್ನ ಕೈ ಸುಟ್ಟಿದ್ದು ಹೊಟ್ಟ್ಯಾಗ ಹಾಕ್ಕೊಂಡೆ, ಹೋಗು. ಅದಕ್ಕ ನೀ ಕಾಲ ಬೀಳಬ್ಯಾಡ." ಆಕೆಯ ದನಿ ಏರಿತು. "ಆದ್ರ ಆವತ್ತ ಹಸಗೊಂಡು ಎದ್ದು ಹೋದ್ರಲ್ಲ, ಆ ತಪ್ಪ ಮಾಫ್ ಮಾಡಾಕ ನಾ ಯಾರು? ಅವರ್ನ ಕೇಳು. ಕೇಳಿ ಬಾ. ಆಮ್ಯಾಲ ನನ್ನ ಪಂಕ್ತ್ಯಾಗ ಕುಂಡ್ರು."

ಮರುದಿನವೇ ಸಂಘ ಬಿಟ್ಟೆ. ಅದೇನು ದೊಡ್ಡ ಸಾಧನೆಯಲ್ಲ. ಕಾಕುವಿನ ಅಂಗೈ ಮಾಯಿತು, ಆದರೆ ಚರ್ಮ ಬಿಗಿದುಕೊಂಡು ರೊಟ್ಟಿ ಬಡಿಯಲು ಬಾರದಾಯಿತು. ಇನ್ನೊಬ್ಬಳನ್ನು ಇಟ್ಟುಕೊಂಡು ಅವಳಿಗೆ ಬೈಯುತ್ತ ಖಾನಾವಳಿ ನಡೆಸಿದಳು. ಓಣಿಯಲ್ಲಿ ಎದುರಾದರೆ ನನ್ನನ್ನು ಮಾತಾಡಿಸುತ್ತಿದ್ದಳು, ಮೈಯಾಗ ಆರಾಮ ಐತೇನು ಎಂದು ಕೇಳುತ್ತಿದ್ದಳು. ಉಣ್ಣಲು ಬಾ ಎಂದು ಮಾತ್ರ ಒಮ್ಮೆಯೂ ಕರೆಯಲಿಲ್ಲ. ನಾಲ್ಕು ವರ್ಷಕ್ಕೆ ಎದೆನೋವಿನಿಂದ ತೀರಿಕೊಂಡಳು. ಯಾರೂ ಬಂದ್ ಮಾಡಲಿಲ್ಲ, ಟೈರು ಸುಡಲಿಲ್ಲ. ಡ್ರೈವರುಗಳು ಕಂಡಕ್ಟರುಗಳು ಹೆಗಲು ಕೊಟ್ಟರು.

ಈಗಲೂ ಯಾರೋ ನಟ ಸತ್ತ, ಅಭಿಮಾನಿಗಳು ಕಲ್ಲು ತೂರಿದರು ಎಂದು ಕೇಳಿದರೆ ನನ್ನ ಮೈ ಉರಿಯುತ್ತದೆ. ಅವರಿಗಿಂತ ಹೆಚ್ಚು ಸಿಟ್ಟು ನನ್ನ ಮೇಲೆಯೇ ಬರುತ್ತದೆ. ಕಾಕು ಹೇಳಿದಂತೆ ಮಾಡಲು ಎಷ್ಟೋ ಸಲ ಜೋಯಿಡಾ ಬಸ್ಸು ಹತ್ತಿದ್ದೇನೆ. ಹಳ್ಳಿಹಳ್ಳಿಯ ನಿಲ್ದಾಣದಲ್ಲಿ ಇಳಿದು ನಿಂತು, ಯಾರನ್ನು ಕೇಳಬೇಕೆಂದು ತಿಳಿಯದೆ ಮರಳಿ ಬಂದಿದ್ದೇನೆ. ಹಿತ್ತಲಲ್ಲಿ ಸಾಲಾಗಿ ಕುಳಿತಿದ್ದ ಅಷ್ಟು ಜನರಲ್ಲಿ ಒಬ್ಬರ ಮುಖವೂ ನನಗೆ ನೆನಪಿಲ್ಲ. ನಾನು ಅಂದು ಅವರ ಕಡೆ ನೋಡಿರಲೇ ಇಲ್ಲ.